ಅಸಲು ಬಟ್ಟು

ನಮ್ಮ ಮನೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕೆಲಸ. ಅಣ್ಣನದು ತಕ್ಕಡಿ ರಿಪೇರಿ. ಅತ್ತಿಗೆಯದು ಅಣ್ಣನ ರಿಪೇರಿ. ನನ್ನದು ಆರೋಗ್ಯವಾಗಿರುವುದು. ಮನೆಗೆ ಯಾರೇ ಬರಲಿ, ಅಣ್ಣ ನನ್ನ ಕಡೆ ಬೆರಳು ಮಾಡಿ, “ನನ್ನ ತಂಗಿ ನೋಡಿ, ಇವತ್ತಿನವರೆಗೆ ಒಂದು ನೆಗಡಿ ಅಂತ ಮಲಗಿದವಳಲ್ಲ. ಕಲ್ಲುಗುಂಡು,” ಅನ್ನುತ್ತಿದ್ದ. ನಲವತ್ತು ದಾಟಿದ, ಮದುವೆಯ ಗೋಜಿಗೆ ಹೋಗದ ಹೆಂಗಸನ್ನು ಯಾರು ಯಾತಕ್ಕೆ ಹೊಗಳಿಯಾರು? ಸಿಕ್ಕಿದ್ದೇ ಸಾಕೆಂದು ನಾನೂ ಬೀಗುತ್ತಿದ್ದೆ.

ಕೆಳಗೆ ಅಂಗಡಿ, ಮೇಲೆ ಮನೆ. ಅಂಗಡಿಯ ಬೆಂಚಿನ ಒಂದು ತುದಿಯಲ್ಲಿ ಅಣ್ಣ ಕೂತು ಸ್ಪ್ರಿಂಗು ಬದಲಾಯಿಸುತ್ತಾನೆ, ಸವೆದ ಅಂಚುಗಳಿಗೆ ಅರ ಹಾಕುತ್ತಾನೆ. ಇನ್ನೊಂದು ತುದಿಯಲ್ಲಿ ನಾನು ತುಕ್ಕು ಉಜ್ಜುತ್ತೇನೆ, ಅಳಿಸಿಹೋದ ಅಂಕಿಗಳನ್ನು ಸಣ್ಣ ಕುಂಚದಿಂದ ಮತ್ತೆ ಬರೆಯುತ್ತೇನೆ. ಬಾಗಿಲ ಪಕ್ಕದಲ್ಲಿ ಮೂಟೆ ತೂಗುವ ದೊಡ್ಡ ತಕ್ಕಡಿ ಇದೆ. ಅದು ರಿಪೇರಿಗೆ ಬಂದದ್ದಲ್ಲ, ಅಪ್ಪನ ಕಾಲದಿಂದ ನಮ್ಮದೇ. ದುಂಡು ಗಾಜಿನ ಹಿಂದೆ ದಪ್ಪ ಮುಳ್ಳು. ಅಣ್ಣನ ಮಗಳು ಬೇರೆ ಊರಲ್ಲಿ ಓದುತ್ತಾಳೆ. ಬಂದಾಗಲೆಲ್ಲ ಚೀಲ ಕೆಳಗೆ ಬಿಸಾಕಿ ಮೊದಲು ಆ ತಕ್ಕಡಿ ಹತ್ತಿ ನಿಲ್ಲುತ್ತಾಳೆ. ಅಣ್ಣ ಮುಳ್ಳು ನೋಡಿ, ಗೋದಾಮಿನ ಗುಮಾಸ್ತ ಕೂಗುವ ಹಾಗೆ ಬೀದಿಗೆಲ್ಲ ಕೇಳಿಸುವಂತೆ ಅವಳ ತೂಕ ಕೂಗುತ್ತಾನೆ. ಆಮೇಲೆಯೇ ಚಹಾ, ಮಾತು, ಎಲ್ಲ.

ಅವಳನ್ನು ನಾವು ಕರೆಯುವುದು ಛಟಾಕು ಎಂದು, ಸೇರಿನ ಹದಿನಾರನೆಯ ಒಂದು ಪಾಲಿನ ಹಳೆಯ ಪುಟ್ಟ ತೂಕದ ಹೆಸರು. ಹುಟ್ಟಿದಾಗ ಅಂಗೈಯಗಲ ಇದ್ದಳು. ಆಸ್ಪತ್ರೆಯವರು ತೂಗಿ, ತೂಕ ತೀರಾ ಕಡಿಮೆ, ಮಗು ಗಾಜಿನ ಪೆಟ್ಟಿಗೆಯಲ್ಲಿರಲಿ ಅಂದಾಗ ಅಣ್ಣ ಅಲ್ಲಿಂದ ಅಂಗಡಿಗೆ ಓಡಿಬಂದು ಅಸಲು ಬಟ್ಟುಗಳ ಪೆಟ್ಟಿಗೆ ತೆಗೆದುಕೊಂಡು ಹೋದ. ಅಸಲು ಬಟ್ಟು ಅಂದರೆ ಹಿತ್ತಾಳೆಯ ತೂಕಗಳು. ಅವುಗಳ ತೂಕ ಎಷ್ಟೆಂದು ಖಾತ್ರಿ ಇರುತ್ತದೆ. ಬೇರೆ ತಕ್ಕಡಿಗಳ ಸುಳ್ಳು ನಿಜ ಹೇಳುವುದು ಅವೇ. ಬೆರಳಿನ ಜಿಡ್ಡೂ ತೂಕವೇ ಎಂದು ಅಣ್ಣ ಅವನ್ನು ಬರಿಗೈಯಲ್ಲಿ ಮುಟ್ಟಲು ಬಿಡುವುದಿಲ್ಲ, ಚಿಮಟದಲ್ಲೇ ಎತ್ತಬೇಕು. ಅವತ್ತು ದಾದಿಯರು ಬೈಯುತ್ತಿದ್ದರೂ ಕೇಳದೆ ಕೂಸಿನ ತಕ್ಕಡಿಯ ಮೇಲೆ ಒಂದೊಂದೇ ಬಟ್ಟು ಇಟ್ಟ. ತಕ್ಕಡಿ ಕಡಿಮೆ ತೋರಿಸುತ್ತಿತ್ತು! ಮಗು ಸಣ್ಣದೇ, ಆದರೆ ಅವರಂದಷ್ಟು ಸಣ್ಣದಲ್ಲ. ಮಾರನೆಯ ದಿನವೇ ತಾಯಿ ಮಗು ಮನೆಗೆ ಬಂದರು. ಆವತ್ತಿನಿಂದ ಅಣ್ಣ ಹಿಡಿದದ್ದು ಒಂದೇ ಹಟ. ಯಾವ ಯಂತ್ರ ಏನೇ ಹೇಳಲಿ, ಗೊತ್ತಿರುವ ತೂಕ ಇಟ್ಟು ನೋಡುವವರೆಗೆ ನಂಬಬಾರದು.

ಇಷ್ಟೆಲ್ಲ ಹೇಳಿದ್ದು ಯಾಕೆಂದರೆ, ಮುಂದೆ ಆದದ್ದು ಬೇರೆ ಯಾರ ಮನೆಯಲ್ಲೂ ಆಗುತ್ತಿರಲಿಲ್ಲ.

ಅಣ್ಣನಿಗೆ ಬೆಳಗಿನ ಹೊತ್ತು ತಲೆನೋವು ಶುರುವಾಗಿತ್ತು. ಸಂಜೆಗೆ ಪಾದ ಊದಿ ಚಪ್ಪಲಿಯ ಪಟ್ಟಿ ಅಚ್ಚೊತ್ತುತ್ತಿತ್ತು. ಅತ್ತಿಗೆ ದಬಾಯಿಸಿ ಡಾಕ್ಟರ ಹತ್ತಿರ ಕಳಿಸಿದರು. ಅವರು ರಕ್ತ ಪರೀಕ್ಷೆಗೆ ಬರೆದರು. ಅದರ ಫಲಿತಾಂಶ ಬಂದ ಮೇಲೆ, ನಿಮ್ಮ ಕಿಡ್ನಿ ಕಾಲು ಭಾಗದಷ್ಟೇ ಕೆಲಸ ಮಾಡುತ್ತಿದೆ, ಯಾಕೆ ಹೀಗಾಗಿದೆ ನೋಡಬೇಕು, ಉಪ್ಪು ಕಡಿಮೆ ಮಾಡಿ, ಬೇಗ ಸ್ಕ್ಯಾನ್ ಮಾಡಿಸಿಕೊಂಡು ಬನ್ನಿ ಅಂದರು. ಅಣ್ಣ ಎಲ್ಲದಕ್ಕೂ ತಲೆಯಾಡಿಸಿ ಬಂದ. ಸ್ಕ್ಯಾನಿನ ಚೀಟಿಯನ್ನು ಅಂಗಡಿಯ ಡಬ್ಬಿಯೊಂದರ ಕೆಳಗೆ ತಳ್ಳಿದ. ರಕ್ತದ ವರದಿಯನ್ನು ಮಾತ್ರ ಬೆಂಚಿನ ಮೇಲೆ ಹರಡಿಕೊಂಡು ಕೂತ.

“ನೋಡು ಇಲ್ಲಿ,” ಅಂದ ನನಗೆ. “ಕ್ರಿಯಾಟಿನಿನ್ ಅಂತೆ. ಒಂದು ಪಾಯಿಂಟ್ ಮೂರು ದಾಟಬಾರದು. ನನಗೆ ಎರಡು ಪಾಯಿಂಟ್ ಒಂಬತ್ತು. ಅದರ ಕೆಳಗೆ ಇನ್ನೊಂದು, ಇ-ಜಿ.ಎಫ್.ಆರ್. ಅದು ತೊಂಬತ್ತಾದರೂ ಇರಬೇಕು. ನನಗೆ ಇಪ್ಪತ್ತಾರು. ಒಂದೇ ರಕ್ತ, ಒಂದು ಜಾಸ್ತಿ, ಒಂದು ಕಮ್ಮಿ. ತೂಗೋ ಕಾಟಾ ಕೆಟ್ಟಿದೆ ಅನ್ನೋಕೆ ಇನ್ನೇನು ಬೇಕು?”

ನನಗೆ ಇದರಲ್ಲಿ ಓ ನಾಮ ಗೊತ್ತಿರಲಿಲ್ಲ. ಆದರೂ ಅವನ ಮಾತು ಸರಿ ಅನ್ನಿಸಿತು. ಅತ್ತಿಗೆ ಮಾತ್ರ ಮೆಟ್ಟಿಲ ಮೇಲೆ ನಿಂತು, “ಕೆಟ್ಟಿರೋದು ಕಾಟಾ ಅಲ್ಲ, ನಿಮ್ಮ ತಲೆ. ಕಾಲು ನೋಡ್ಕೊಳ್ಳಿ, ಹೇಗೆ ಊದಿದೆ ಅಂತ,” ಅಂದರು.

“ದಿನಾ ಕೂತು ಕೆಲಸ ಮಾಡಿದ್ರೆ ಊದದೆ ಇನ್ನೇನಾಗುತ್ತೆ?”

“ನಿಮ್ಮ ತಂಗೀನೂ ಕೂತೇ ಕೆಲಸ ಮಾಡ್ತಾಳಲ್ಲ.”

“ಅವಳ ಮಾತು ಬೇರೆ ಬಿಡು. ಅವಳು ಕಲ್ಲುಗುಂಡು,” ಎಂದ ಅಣ್ಣ, ಮಾತು ಅಲ್ಲೇ ನಿಲ್ಲಿಸಿ ನನ್ನನ್ನು ನೋಡಿದ. ಪೆಟ್ಟಿಗೆಯಿಂದ ಯಾವ ಬಟ್ಟು ಎತ್ತಲಿ ಎಂದು ನೋಡುವಾಗ ಅವನ ಮುಖ ಹಾಗಾಗುತ್ತದೆ.

ನಾನು ವಿಷಯ ಬದಲಿಸಲೆಂದು, “ಇಷ್ಟೊಂದು ಯೋಚನೆ ಯಾಕೆ? ನಿಂದು ಪೂರ್ತಿ ಹಾಳಾದ್ರೆ ನಂದೊಂದು ತಗೋ. ನನ್ನ ಹತ್ರ ಎರಡಿದೆ, ಒಂದು ಸುಮ್ನೆ ಬಿದ್ದಿರುತ್ತೆ,” ಅಂದೆ.

“ಬಾಯಿ ಮುಚ್ಚು,” ಅಂದ ಅಣ್ಣ. ಆದರೆ ಅವನ ಕಣ್ಣು ತುಂಬಿತ್ತು. ಅತ್ತಿಗೆ ಸೆರಗಿಂದ ಮೂಗು ಒರೆಸಿಕೊಂಡು ಮೇಲೆ ಹೋದರು. ನನ್ನ ಮಾತು ಬರೀ ತಮಾಷೆಯಲ್ಲ ಎಂದು ಮೂವರಿಗೂ ತಿಳಿದಿತ್ತು. ಅವತ್ತಿನಿಂದ ಮನೆಯ ಭಯವೆಲ್ಲ ಸ್ವಲ್ಪ ಹಗುರಾಯಿತು. ಏನಾದರೂ ಆದರೆ ನಾನಿದ್ದೇನಲ್ಲ!

ಮರುದಿನ ಅಣ್ಣ ತನ್ನ ಯೋಜನೆ ಹೇಳಿದ. ರಕ್ತದ ಯಂತ್ರದ ಮೇಲೆ ಹಿತ್ತಾಳೆ ಬಟ್ಟು ಇಡಲಿಕ್ಕಾಗುವುದಿಲ್ಲ. ಅದಕ್ಕೆ ರಕ್ತವೇ ಬೇಕು, ಅದೂ ಚೆನ್ನಾಗಿದೆ ಎಂದು ಖಾತ್ರಿ ಇರುವ ರಕ್ತ. ನಾನು ಅದೇ ಲ್ಯಾಬಿಗೆ ಹೋಗಿ ಅದೇ ಪರೀಕ್ಷೆ ಮಾಡಿಸಬೇಕು. ನನ್ನದು ಸರಿಯಾಗಿ ಬಂದರೆ ಯಂತ್ರ ಸರಿ, ಅವನು ಬಾಯಿ ಮುಚ್ಚಿಕೊಂಡು ಸ್ಕ್ಯಾನಿಗೆ ಹೋಗುತ್ತಾನೆ. ನನ್ನದೂ ಕೆಟ್ಟದಾಗಿ ಬಂದರೆ ಯಂತ್ರವೇ ಸುಳ್ಳು.

“ನಾನೇನು ನಿನ್ನ ಪೆಟ್ಟಿಗೇಲಿರೋ ಬಟ್ಟಾ?” ಅಂದೆ.

“ಅದಕ್ಕಿಂತ ಗಟ್ಟಿ,” ಅಂದ. ಹೊಗಳಿಕೆಗೆ ಬಿದ್ದು ಹೋದೆ, ಮತ್ತೇನಿಲ್ಲ.

ಲ್ಯಾಬು ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ. ಗೋಡೆಗೆ ಒತ್ತಿ ಇಟ್ಟ ಪ್ಲಾಸ್ಟಿಕ್ ಕುರ್ಚಿಗಳು, ಕೈಯಲ್ಲಿ ಹತ್ತಿ ಒತ್ತಿಹಿಡಿದು ಕೂತ ಜನ, ಸ್ಪಿರಿಟ್ಟಿನ ವಾಸನೆ. ಕನ್ನಡಕ ಹಾಕಿದ, ನನ್ನದೇ ವಯಸ್ಸಿನ ಒಬ್ಬಾಕೆ ರಕ್ತ ತೆಗೆದರು. ಹಿಂದಿನ ದಿನ ಜಾಸ್ತಿ ಮಾಂಸ ತಿಂದಿದ್ದೀರಾ, ನೀರು ಕುಡಿದಿದ್ದೀರಾ, ಮಾತ್ರೆ ಏನಾದರೂ ತೆಗೆದುಕೊಳ್ಳುತ್ತೀರಾ ಎಂದು ಕೇಳಿದರು. ಸೊಂಟನೋವಿಗೆ ಆಗಾಗ ಒಂದು ಮಾತ್ರೆ ಅಂದೆ. ಬೆಂಚಿನ ಮೇಲೆ ಬಗ್ಗಿ ಅಂಕಿ ಬರೆಯುವವಳಿಗೆ ಸೊಂಟನೋವು ಇರದೆ ಇರುತ್ತದೆಯೇ? ಆಕೆ ಏನನ್ನೋ ಗುರುತು ಹಾಕಿಕೊಂಡರು.

ಫಲಿತಾಂಶ ತರಲು ಅಣ್ಣನೇ ಹೋದ. ಬರುವಾಗ ಅರ್ಧ ಬೀದಿಯಿಂದಲೇ ಕಾಗದ ಬೀಸುತ್ತ ಬಂದ. ನನ್ನ ಕ್ರಿಯಾಟಿನಿನ್ ಒಂದು ಪಾಯಿಂಟ್ ಐದು. ಹೆಂಗಸರಿಗೆ ಒಂದರ ಸುತ್ತಮುತ್ತ ಇರಬೇಕಂತೆ. ಇ-ಜಿ.ಎಫ್.ಆರ್. ನಲವತ್ತನಾಲ್ಕು. ಎರಡರ ಪಕ್ಕದಲ್ಲೂ ದಪ್ಪ ಅಕ್ಷರದ ಗುರುತು.

“ಹೇಳಿರಲಿಲ್ವಾ ನಾನು!” ಅಂದ. ಬೆಂಚಿನ ಮೇಲೆ ಸೀಮೆಸುಣ್ಣದಲ್ಲಿ ಲೆಕ್ಕ ಹಾಕಿದ. “ನಿನ್ನಂಥವಳಿಗೆ ಮುಕ್ಕಾಲು ಇರಬೇಕು. ಒಂದೂವರೆ ತೋರಿಸಿದೆ. ಅಂದ್ರೆ ಯಂತ್ರ ಒಂದಕ್ಕೆ ಎರಡು ತೋರಿಸ್ತಿದೆ. ಹಾಗಾದ್ರೆ ನನ್ನದರ ಅರ್ಧ ಎಷ್ಟು? ಒಂದೂವರೆಗೂ ಕಮ್ಮಿ. ಈ ವಯಸ್ಸಿಗೆ ಅಷ್ಟು ಇರುತ್ತೆ ಬಿಡು.”

ತೂಕದ ವ್ಯವಹಾರದಲ್ಲಿ ಈ ಲೆಕ್ಕಕ್ಕೆ ಎರಡು ಮಾತಿಲ್ಲ. ನಾನು ಚಪ್ಪಾಳೆ ತಟ್ಟಿದೆ. ಅಣ್ಣ ಕಳೆದ ವಾರಗಳಲ್ಲಿ ಮೊದಲ ಸಲ ಹಲ್ಲು ಬಿಟ್ಟು ನಕ್ಕ. ಮಧ್ಯಾಹ್ನದ ಊಟಕ್ಕೆ ಉಪ್ಪು ಕೇಳಿ ಹಾಕಿಸಿಕೊಂಡ. ಅತ್ತಿಗೆ ಹಾಕಿದರು, ಆದರೆ ನಗಲಿಲ್ಲ. ನನ್ನ ಕಾಗದ ತೆಗೆದುಕೊಂಡು ಕಿಟಕಿಯ ಬೆಳಕಿನಲ್ಲಿ ಬಹಳ ಹೊತ್ತು ಓದಿದರು. ಆಮೇಲೆ, “ನಿನಗೆ ಸೊಂಟ ನೋಯೋದು ಹಿಂದೇನಾ, ಪಕ್ಕದಲ್ಲಾ?” ಅಂತ ಮೆಲ್ಲಗೆ ಕೇಳಿದರು.

“ಪಕ್ಕದಲ್ಲಿ. ಯಾಕತ್ತಿಗೆ?”

“ಸುಮ್ನೆ ಕೇಳ್ದೆ.”

ಇಷ್ಟಕ್ಕೇ ಬಿಟ್ಟಿದ್ದರೆ ಅವನು ನಮ್ಮಣ್ಣನೇ ಅಲ್ಲ. ಕೆಟ್ಟ ತಕ್ಕಡಿ ಊರಲ್ಲಿ ಓಡಾಡಬಾರದು, ಎಷ್ಟು ಜನ ಸುಮ್ಮನೆ ಹೆದರಿ ಸಾಯುತ್ತಿದ್ದಾರೋ ಏನೋ ಎಂದು ಎರಡೂ ಕಾಗದ ಹಿಡಿದು ಲ್ಯಾಬಿಗೆ ಹೊರಟ. ಜಗಳದ ವಾಸನೆ ಬಡಿದು ನಾನೂ ಚಪ್ಪಲಿ ಮೆಟ್ಟಿದೆ. ಜಗಳ ನೋಡುವುದೆಂದರೆ ನನಗೆ ಮೊದಲಿನಿಂದಲೂ ಇಷ್ಟ.

ಆದರೆ ಜಗಳ ಆಗಲೇ ಇಲ್ಲ. ಕನ್ನಡಕದಾಕೆ ಅಣ್ಣನ ಕೂಗಾಟವನ್ನೆಲ್ಲ ಕೇಳಿಸಿಕೊಂಡು, “ನೀವು ಏನು ಕೆಲಸ ಮಾಡ್ತೀರಿ?” ಅಂದರು.

“ತಕ್ಕಡಿ ರಿಪೇರಿ.”

“ಹಾಗಾದ್ರೆ ಒಳಗೆ ಬನ್ನಿ. ನಿಮಗೆ ಬೇಗ ಅರ್ಥ ಆಗುತ್ತೆ.”

ಒಳಗೆ ಬಿಳಿ ಯಂತ್ರ ಸಣ್ಣಗೆ ಗುಂಯ್‌ಗುಡುತ್ತಿತ್ತು. ಆಕೆ ಫ್ರಿಜ್ಜಿನಿಂದ ಎರಡು ಪುಟ್ಟ ಸೀಸೆ ತೆಗೆದು ತೋರಿಸಿದರು. “ದಿನಾ ಬೆಳಿಗ್ಗೆ ಯಾರ ರಕ್ತ ಮುಟ್ಟೋಕೂ ಮೊದಲು ಇವನ್ನ ಹಾಕ್ತೀವಿ. ಇವುಗಳಲ್ಲಿ ಕ್ರಿಯಾಟಿನಿನ್ ಎಷ್ಟಿದೆ ಅಂತ ಮೊದಲೇ ಗೊತ್ತು. ಯಂತ್ರ ಅಷ್ಟೇ ತೋರಿಸ್ಬೇಕು. ತೋರಿಸಿಲ್ಲ ಅಂದ್ರೆ ಅವತ್ತು ಅದು ಬಂದ್.”

ಅಣ್ಣನ ದನಿ ಇಳಿಯಿತು. “ಎರಡು ಯಾಕೆ?”

“ಒಂದು ಆರೋಗ್ಯವಂತರ ಮಟ್ಟದ್ದು, ಇನ್ನೊಂದು ಕಾಯಿಲೆಯವರ ಮಟ್ಟದ್ದು. ಎರಡೂ ಕಡೆ ಸರಿ ಇರಬೇಕಲ್ಲ.”

“ಹಗುರದ್ದೊಂದು, ಭಾರದ್ದೊಂದು,” ಅಂದ ಅಣ್ಣ. “ನಾವೂ ಹಾಗೇ ಮಾಡೋದು.” ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡ. “ನಾನು ರಕ್ತ ಕೊಟ್ಟ ದಿನದ್ದು ತೋರಿಸ್ತೀರಾ?”

ಆಕೆ ಕಂಪ್ಯೂಟರಿನ ಪರದೆಯ ಮೇಲೆ ತೋರಿಸಿದರು. ಒಂದು ಗೆರೆ, ಗೆರೆಯ ಅಕ್ಕಪಕ್ಕ ದಿನಕ್ಕೊಂದರಂತೆ ಚುಕ್ಕೆ. ಒಂದೂ ದೂರ ಹೋಗಿರಲಿಲ್ಲ. ಅಣ್ಣ ಬಗ್ಗಿ ಒಂದೊಂದೇ ಚುಕ್ಕೆ ನೋಡಿದ. “ಇವಳು ಕೊಟ್ಟ ದಿನದ್ದು?” ಅಂದ. ಅದೂ ಗೆರೆಯ ಮೇಲೇ ಕೂತಿತ್ತು.

ಅವನು ಬೇರೆಯವನಾಗಿದ್ದರೆ ಇನ್ನೂ ವಾದ ಮಾಡುತ್ತಿದ್ದ. ಆದರೆ ಅವನ ಕಸುಬೇ ಅದು. ಸರಿ ಇರುವ ತಕ್ಕಡಿಯನ್ನು ಸರಿ ಇಲ್ಲ ಎಂದು ಅವನು ಜನ್ಮದಲ್ಲಿ ಹೇಳಿದವನಲ್ಲ.

“ಸರಿ ಇದೆ,” ಅಂದ. ಆಮೇಲೆ ಮೆಲ್ಲಗೆ ತಿರುಗಿ ನನ್ನನ್ನು ನೋಡಿದ.

ತಕ್ಕಡಿ ಸರಿ ಇದ್ದರೆ ತಪ್ಪಿರುವುದು ಏನು ಎಂದು ನನಗೆ ಹೇಳಿಕೊಡಬೇಕಿರಲಿಲ್ಲ. ಇಷ್ಟು ವರ್ಷ ಅದೇ ಬೆಂಚಿನಲ್ಲಿ ಕೂತವಳು ನಾನು. ಯಂತ್ರದ ಪಕ್ಕ ಯಾರೋ ಅರ್ಧ ಕುಡಿದಿಟ್ಟ ಚಹಾದ ಲೋಟ ಇತ್ತು. ಅದರ ಮೇಲೆ ಕೆನೆ ಕಟ್ಟಿತ್ತು. ನಾನು ಅದನ್ನೇ ನೋಡುತ್ತ ನಿಂತಿದ್ದೆ. ಏನೂ ಅನ್ನಿಸಲಿಲ್ಲ ಎಂದರೆ ನೀವು ನಂಬಲಾರಿರಿ, ಆದರೆ ನಿಜಕ್ಕೂ ಏನೂ ಅನ್ನಿಸಲಿಲ್ಲ. ಮೆಟ್ಟಿಲಿಳಿಯುವಾಗ ಅಣ್ಣ ನನ್ನ ಮೊಣಕೈ ಹಿಡಿದುಕೊಂಡ. ಕಾಲು ಊದಿದ್ದವನು ಅವನು, ಹಿಡಿದದ್ದು ನನ್ನನ್ನು.

ಆಮೇಲಿನದೆಲ್ಲ ಬೇಗ ಬೇಗ ಆಯಿತು. ಇಬ್ಬರಿಗೂ ಸ್ಕ್ಯಾನ್ ಆಯಿತು. ಡಾಕ್ಟರು ಗಟ್ಟಿ ದನಿಯ ಹೆಂಗಸು, ಸುತ್ತಿ ಬಳಸಿ ಮಾತಾಡುವವರಲ್ಲ. ನಮ್ಮಿಬ್ಬರ ಕಾಗದಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು. ಅಣ್ಣ ಮೊದಲು ಕೇಳಿದ್ದು ಆ ಹಳೆಯ ಪ್ರಶ್ನೆಯನ್ನೇ, ಒಂದೇ ರಕ್ತದಲ್ಲಿ ಒಂದು ಜಾಸ್ತಿ ಒಂದು ಕಮ್ಮಿ ಹೇಗೆ ಎಂದು.

“ಕ್ರಿಯಾಟಿನಿನ್ ಅಂದ್ರೆ ಮೈಯಲ್ಲಿ ದಿನಾ ಹುಟ್ಟೋ ಕಸ,” ಅಂದರು ಡಾಕ್ಟರು. “ಕಿಡ್ನಿ ಅದನ್ನ ಗುಡಿಸಿ ಹೊರಗೆ ಹಾಕ್ಬೇಕು. ಮನೇಲಿ ಕಸ ಜಾಸ್ತಿ ಆಗಿದೆ ಅಂದ್ರೆ ಗುಡಿಸೋನಿಗೆ ಶಕ್ತಿ ಕಮ್ಮಿ ಆಗಿದೆ ಅಂತ ತಾನೆ? ಕೆಳಗಿರೋ ಅಂಕಿ ಆ ಶಕ್ತೀದು. ಮೇಲಿನ ಅಂಕಿ, ನಿಮ್ಮ ವಯಸ್ಸು, ಗಂಡೋ ಹೆಣ್ಣೋ, ಇಷ್ಟನ್ನ ಇಟ್ಕೊಂಡು ಅದನ್ನ ಲೆಕ್ಕ ಹಾಕ್ತಾರೆ. ಒಂದು ಏರಿದ್ರೆ ಇನ್ನೊಂದು ಇಳೀಲೇಬೇಕು.”

“ಎರಡು ತಟ್ಟೆ ಇದ್ದ ಹಾಗೆ,” ಅಂದ ಅಣ್ಣ, ತನ್ನಷ್ಟಕ್ಕೆ.

“ಒಂದು ಸಲದ ಅಂಕಿ ನೋಡಿ ನಾನು ತೀರ್ಮಾನ ಮಾಡಲ್ಲ. ನೀರು ಕುಡೀದೆ ಇದ್ರೂ ಏರುತ್ತೆ, ನೋವಿನ ಮಾತ್ರೆಗೂ ಏರುತ್ತೆ. ಆದ್ರೆ ಈ ಸ್ಕ್ಯಾನ್ ನೋಡಿ.” ನಮ್ಮಿಬ್ಬರ ಕಿಡ್ನಿಗಳ ತುಂಬ ಸಣ್ಣ ದೊಡ್ಡ ನೀರುಗುಳ್ಳೆಗಳು. ಅಣ್ಣನದರಲ್ಲಿ ಹೆಚ್ಚು, ನನ್ನದರಲ್ಲಿ ಅವನಿಗಿಂತ ಕಡಿಮೆ. “ಇದು ವಂಶದಿಂದ, ಹುಟ್ಟಿನಲ್ಲೇ ಬಂದಿರೋದು. ನಿಮ್ಮ ತಂದೆ ತಾಯಿಗೆ ಏನಾದ್ರೂ ಇತ್ತಾ?”

ಅಪ್ಪನಿಗೆ ಬಿ.ಪಿ. ಇತ್ತು. ಒಂದು ಮಧ್ಯಾಹ್ನ ಬೆಂಚಿನ ಮೇಲೆ ತಲೆಯಿಟ್ಟವರು ಏಳಲಿಲ್ಲ. ತಲೆಯೊಳಗೆ ರಕ್ತನಾಳ ಒಡೆದಿದೆ ಎಂದಿದ್ದರು. ಕಿಡ್ನಿಯ ಸುದ್ದಿ ಯಾರೂ ಎತ್ತಿರಲಿಲ್ಲ. ಡಾಕ್ಟರು ನಿಧಾನವಾಗಿ ತಲೆದೂಗಿ, ಅದೂ ಈ ಕಾಯಿಲೆಯ ಒಂದು ದಾರಿಯೇ ಇರಬಹುದು ಅಂದರು.

ಈಗ, “ಅಣ್ಣನಿಗೆ ನಾನು ಒಂದು ಕಿಡ್ನಿ ಕೊಡೋಣ ಅಂತಿದ್ದೆ,” ಅಂದೆ.

ಡಾಕ್ಟರು ನನ್ನನ್ನು ನೋಡಿದ ರೀತಿಯಲ್ಲೇ ಉತ್ತರ ಇತ್ತು. “ನೀವು ಕೊಡೋ ಹಾಗಿಲ್ಲ,” ಅಂದರು. “ನಿಮ್ಮದನ್ನ ನೀವು ಕಾಪಾಡ್ಕೋಬೇಕು. ಬಿ.ಪಿ. ಹಿಡಿತದಲ್ಲಿಟ್ಟು, ನೋವಿನ ಮಾತ್ರೆ ಬಿಟ್ರೆ ಇನ್ನೂ ಬಹಳ ವರ್ಷ ಚೆನ್ನಾಗಿ ಇರಬಹುದು. ಇಷ್ಟು ಬೇಗ ಗೊತ್ತಾಗಿದ್ದು ಒಳ್ಳೇದೇ ಆಯ್ತು. ಯಾರು ನಿಮಗೆ ಪರೀಕ್ಷೆ ಮಾಡಿಸ್ಕೊಳ್ಳಿ ಅಂದಿದ್ದು?”

ಅಣ್ಣ ತಲೆ ತಗ್ಗಿಸಿದ. ಬೇರೆ ದಿನವಾಗಿದ್ದರೆ ಅವನ ಕಾಲೆಳೆಯಲು ಇದಕ್ಕಿಂತ ಒಳ್ಳೆಯ ಸಮಯ ಸಿಗುತ್ತಿರಲಿಲ್ಲ.

“ಮಕ್ಕಳಿದ್ದಾರಾ?” ಅಂದರು ಡಾಕ್ಟರು.

“ನನಗಿಲ್ಲ,” ಅಂದೆ.

“ನನಗೊಬ್ಬಳು,” ಅಂದ ಅಣ್ಣ. ಅವನ ದನಿ ಕೇಳಿಯೂ ಕೇಳಿಸದಂತಿತ್ತು.

“ಅರ್ಧಕ್ಕರ್ಧ ಸಾಧ್ಯತೆ ಇದೆ. ಬಂದಿರಬಹುದು, ಬರದೇನೂ ಇರಬಹುದು. ಸ್ಕ್ಯಾನ್ ಮಾಡಿದ್ರೆ ತಿಳಿಯುತ್ತೆ. ಅವಳಿಗೆ ಹೇಳಿ. ಮಾಡಿಸ್ಕೊಳ್ಳೋದು ಬಿಡೋದು ಅವಳ ಇಷ್ಟ.”

ಮನೆಗೆ ಬಂದ ಮೇಲೆ ಅಣ್ಣ ಬೆಂಚಿನ ಮುಂದೆ ಕೂತ. ಕೆಲಸ ಮುಟ್ಟಲಿಲ್ಲ. ನಾನು ಕುಂಚ ತೆಗೆದುಕೊಂಡು ಒಂದು ತಕ್ಕಡಿಯ ಮುಖದ ಮೇಲೆ ಅಂಕಿಗಳನ್ನು ಬರೆಯತೊಡಗಿದೆ. ಅಂಕಿಗಳು ಎಂದಿಗಿಂತ ನೇರವಾಗಿಯೇ ಬಂದವು. ಅದನ್ನು ನೋಡಿ ನನಗೇ ಒಂಥರಾ ಅಸಹ್ಯವಾಯಿತು. ಅತ್ತಿಗೆ ಬಂದು ನಮ್ಮಿಬ್ಬರ ನಡುವೆ ನಿಂತರು.

“ಛಟಾಕಿಗೆ ಏನೂ ಹೇಳೋದು ಬೇಡ,” ಅಂದ ಅಣ್ಣ.

“ನಾಳೆ ಅವಳಿಗೇ ಗೊತ್ತಾದ್ರೆ?” ಅಂದರು ಅತ್ತಿಗೆ. “ಯಾಕೆ ಮುಚ್ಚಿಟ್ರಿ ಅಂದ್ರೆ ಏನು ಹೇಳ್ತೀರಿ? ನನ್ನ ಮಗಳು ರೀ ಅವಳು. ನೀವು ಉಪ್ಪು ಕೇಳಿದಾಗ ನಾನು ಹಾಕ್ದೆ. ಇದಕ್ಕೆ ಮಾತ್ರ ನಾನು ಹೂಂ ಅನ್ನಲ್ಲ.”

“ತೂಗೋವರೆಗೆ ಯಾವುದೂ ಕಮ್ಮಿ ಅಲ್ಲ,” ಅಂದ ಅಣ್ಣ. “ಬಿಟ್ಬಿಡು ಅವಳನ್ನ.”

ಆ ಬಾಯಿಂದ ಆ ಮಾತು! ಕೂಸಿನ ತಕ್ಕಡಿಯನ್ನೂ ನಂಬದೆ ಬಟ್ಟು ಹೊತ್ತುಕೊಂಡು ಓಡಿದ ಮನುಷ್ಯ ಇವನೇನಾ? ಅಷ್ಟು ದಿನಗಳಲ್ಲಿ ನನಗೆ ಏನಾದರೂ ಅನ್ನಿಸಿದ್ದು ಆಗಲೇ, ಅದು ಕೋಪ. ಕುಂಚ ತೊಳೆದಿಟ್ಟು ಮೇಲೆ ಹೋಗಿ ಛಟಾಕಿಗೆ ಫೋನು ಮಾಡಿದೆ. ಅಣ್ಣನನ್ನು ಕೇಳಲಿಲ್ಲ. ಅತ್ತಿಗೆ ನನ್ನ ಹಿಂದೆ ನಿಂತು ಕಿಟಕಿಯಾಚೆ ನೋಡುತ್ತಿದ್ದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

“ನಿಂಗೂನಾ ಅತ್ತೆ?” ಅಂದಳು.

“ಹೂಂ.”

“ನೀನು ಕಲ್ಲುಗುಂಡು ಅಲ್ವಾ?”

“ಅಂತ ನಿಮ್ಮಪ್ಪ ಹೇಳ್ತಿದ್ದ.”

“ಬರ್ತೀನಿ,” ಅಂದು ಇಟ್ಟಳು.

ಬಂದಾಗ ಮಧ್ಯಾಹ್ನದ ಬಿಸಿಲು ಅಂಗಡಿಯ ಅರ್ಧದವರೆಗೆ ಬಂದಿತ್ತು. ಎಂದಿನ ಹಾಗೆ ಚೀಲ ಬಿಸಾಕಿದಳು. ಯಾರನ್ನೂ ಮಾತಾಡಿಸದೆ ನೇರ ಹೋಗಿ ದೊಡ್ಡ ತಕ್ಕಡಿಯ ಮೇಲೆ ಹತ್ತಿ ನಿಂತಳು. ತಕ್ಕಡಿ ಕಿರ್ ಎಂದಿತು. ಅಣ್ಣ ಅಭ್ಯಾಸದಂತೆ ಎದ್ದು ಬಂದ. ಮುಳ್ಳಿನ ಮುಂದೆ ನಿಂತ. ಬಾಯಿ ತೆರೆದ. ಆಮೇಲೆ ಅಂಗೈಯನ್ನು ಗಾಜಿನ ಮೇಲಿಟ್ಟು ಮುಳ್ಳನ್ನು ಮುಚ್ಚಿಬಿಟ್ಟ.

“ಅಪ್ಪಾ, ಕೈ ತೆಗಿ,” ಅಂದಳು ಛಟಾಕು.

“ಇವತ್ತು ಬೇಡ ಮಗಾ.”

“ಕೈ ತೆಗಿ ಅಪ್ಪಾ. ಎಷ್ಟು ಅಂತ ಹೇಳು.”

ಅವನು ತೆಗೆಯಲಿಲ್ಲ. ಅವಳೂ ಇಳಿಯಲಿಲ್ಲ. ಅತ್ತಿಗೆ ಮೆಟ್ಟಿಲ ಮೇಲೆ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದರು. ನಾನು ಹೋಗಿ ಅವನ ಮಣಿಕಟ್ಟು ಹಿಡಿದೆ. ಊದಿದ ಕೈ, ಬೆಚ್ಚಗಿತ್ತು. ಎಳೆದರೆ ಸುಮ್ಮನೆ ಬಂತು. ಒಳಗೆ ಮುಳ್ಳು ಯಾವಾಗಲೋ ನಿಂತಿತ್ತು.

“ಐವತ್ತೆರಡೂವರೆ!” ಎಂದು ನಾನೇ ಕೂಗಿದೆ. ಬೀದಿಗೆ ಕೇಳಿಸುವಂತೆ ಕೂಗಬೇಕೆಂದು ಹೊರಟೆ, ದನಿ ಅರ್ಧದಲ್ಲೇ ಕೈಕೊಟ್ಟಿತು. ಆಗ ನನಗೆ ಅಳು ಬಂತು, ಆ ಲ್ಯಾಬಿನಲ್ಲಿ ಬರಬೇಕಾಗಿದ್ದದ್ದು.

ಛಟಾಕು ಇಳಿದು ನನ್ನ ಬೆನ್ನ ಮೇಲೆ ಕೈಯಿಟ್ಟಳು. “ಹಿಂದಿನ ಸಲಾನೂ ಅಷ್ಟೇ ಇತ್ತು,” ಅಂದಳು. “ಸ್ಕ್ಯಾನ್ ಎಷ್ಟು ಹೊತ್ತಿಗೆ?”

“ನಾಳೆ ಬೆಳಿಗ್ಗೆ,” ಅಂದರು ಅತ್ತಿಗೆ. “ನಾವೆಲ್ಲ ಬರ್ತೀವಿ.”

ಅಣ್ಣ ಗಾಜಿನ ಮೇಲೆ ಮೂಡಿದ್ದ ತನ್ನ ಅಂಗೈಯ ಗುರುತನ್ನು ಅಂಗಿಯ ತುದಿಯಿಂದ ಒರೆಸುತ್ತ ಅಲ್ಲೇ ನಿಂತಿದ್ದ.